ಖಾತೆಗೆ ಸೇರದ ಜಮೆ: ಆಂಜಿಯೋಗ್ರಾಂ ಡೈ ಮತ್ತು ರಕ್ತದ ಹೆಪ್ಪು

ಓದುಗರೇ, ಆಂಜಿಯೋಗ್ರಾಂ ಎಂಬ ಮಾತು ಇಂದು ನಮ್ಮಲ್ಲಿ ಯಾರಿಗೂ ಹೊಸತಲ್ಲ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಗಳಿಂದ ಎದೆನೋವೆಂದು ಮಂಗಳೂರಿಗೆ ಹೋಗಿ ಅದನ್ನು ಮಾಡಿಸಿಕೊಂಡು ಬಂದವರು ಎಲ್ಲ ಊರುಗಳಲ್ಲೂ ಸಿಗುತ್ತಾರೆ. “ಕೈಯ ನರಕ್ಕೆ ಡೈ ಬಿಟ್ಟರು, ಮೈಯೆಲ್ಲ ಒಮ್ಮೆ ಬಿಸಿಯಾಯಿತು, ಪರದೆಯಲ್ಲಿ ಹೃದಯದ ನಾಳ ಕಂಡಿತು” ಎಂದು ಅವರು ವಿವರಿಸುವುದನ್ನು ನೀವೂ ಕೇಳಿರಬಹುದು. ಆ ಡೈ ಎಂದರೇನು, ಅದು ಎಲ್ಲಿಂದ ಬಂತು, ನಮ್ಮ ರಕ್ತಕ್ಕೆ ಅದು ಏನು ಮಾಡುತ್ತದೆ ಎಂಬುದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಒಂದು ಚರಿತ್ರೆಯಿದೆ. ನಾನು ವೈದ್ಯನಲ್ಲ, ಎಸ್ಸೆಸ್ಸೆಲ್ಸಿ ಮುಗಿಸಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದವನು. ಆದರೆ ಈ ಚರಿತ್ರೆಯನ್ನು ಓದುತ್ತಾ ಹೋದಂತೆ ಇದೂ ಒಂದು ಲೆಕ್ಕದ ಕಥೆಯೇ ಎಂದು ನನಗೆ ತೋರಿತು. ಆದುದರಿಂದ ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲಿಗೆ ಹೆಸರಿನ ವಿಷಯ. ಡೈ ಎಂದರೆ ಬಣ್ಣ. ಆದರೆ ಈ ಮದ್ದಿಗೆ ಬಣ್ಣವೇ ಇಲ್ಲ. ನೋಡಲು ನೀರಿನಂತೆ ತಿಳಿಯಾಗಿರುತ್ತದೆ. ಎಕ್ಸ್-ರೇ ಕಿರಣಗಳು ಮಾಂಸವನ್ನೂ ರಕ್ತವನ್ನೂ ಸುಲಭವಾಗಿ ದಾಟಿ ಹೋಗುತ್ತವೆ, ಎಲುಬಿನ ಸುಣ್ಣದ ಅಂಶ ಮಾತ್ರ ಅವುಗಳನ್ನು ತಡೆಯುತ್ತದೆ. ಆದುದರಿಂದಲೇ ಎಕ್ಸ್-ರೇ ಚಿತ್ರದಲ್ಲಿ ಎಲುಬು ಕಾಣುತ್ತದೆ, ರಕ್ತನಾಳ ಕಾಣುವುದಿಲ್ಲ. ರಕ್ತನಾಳವನ್ನು ಕಾಣಬೇಕಾದರೆ ಕಿರಣವನ್ನು ತಡೆಯುವ ಭಾರವಾದ ವಸ್ತುವೊಂದನ್ನು ರಕ್ತದ ಜೊತೆ ಕಳುಹಿಸಬೇಕು. ಆಗ ನಾಳದ ನೆರಳು ಬೀಳುತ್ತದೆ. ಡೈ ಎಂದು ನಾವು ಹೇಳುವುದು ಈ ನೆರಳಿನ ಮದ್ದನ್ನು. ವೈದ್ಯರು ಇದನ್ನು ಕಾಂಟ್ರಾಸ್ಟ್ ಎನ್ನುತ್ತಾರೆ.

ರಾಂಟ್‌ಜನ್ ಎಂಬ ವಿಜ್ಞಾನಿ ಜರ್ಮನಿಯ ವುರ್ಟ್ಸ್‌ಬರ್ಗಿನಲ್ಲಿ ಎಕ್ಸ್-ರೇ ಕಿರಣಗಳನ್ನು ಕಂಡುಹಿಡಿದದ್ದು 1895ರ ನವೆಂಬರಿನಲ್ಲಿ. ಎರಡೇ ತಿಂಗಳೊಳಗೆ, 1896ರ ಜನವರಿಯಲ್ಲಿ, ವಿಯೆನ್ನಾದ ಹಾಶೆಕ್ ಮತ್ತು ಲಿಂಡೆಂಥಾಲ್ ಎಂಬಿಬ್ಬರು ಶವದಿಂದ ತೆಗೆದ ಒಂದು ಕೈಯ ರಕ್ತನಾಳಗಳಿಗೆ ಸುಣ್ಣ, ಇಂಗಲೀಕ ಹಾಗೂ ಪೆಟ್ರೋಲಿಯಂ ಎಣ್ಣೆಯ ಮಿಶ್ರಣವನ್ನು ತುಂಬಿ ಚಿತ್ರ ತೆಗೆದರು. ಆ ಒಂದು ಚಿತ್ರಕ್ಕೆ 57 ನಿಮಿಷ ಹಿಡಿಯಿತು. ನಾಳಗಳು ಮರದ ಬೇರಿನಂತೆ ಸ್ಪಷ್ಟವಾಗಿ ಕಂಡವು. ಆದರೆ ಜೀವವಿಲ್ಲದ ಕೈಯಲ್ಲಿ ನಡೆಯುವುದು ಜೀವಂತ ಮನುಷ್ಯನಲ್ಲಿ ನಡೆಯುವುದಿಲ್ಲವಷ್ಟೆ. ಜೀವಂತ ರಕ್ತದೊಡನೆ ಹೊಂದಿಕೊಂಡು ಹೋಗಿ, ಕೆಲಸ ಮುಗಿದ ಬಳಿಕ ಮೂತ್ರದಲ್ಲಿ ಹೊರಗೆ ಹೋಗುವ ಮದ್ದು ಬೇಕಿತ್ತು.

ಆ ದಾರಿ ತೋರಿಸಿದ್ದು ಅಯೋಡಿನ್. 1923ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಆಸ್ಬಾರ್ನ್ ಮತ್ತು ಅವರ ಸಂಗಡಿಗರು, ಗುಹ್ಯರೋಗಕ್ಕಾಗಿ ಸೋಡಿಯಂ ಅಯೊಡೈಡ್ ತೆಗೆದುಕೊಂಡವರ ಮೂತ್ರಕೋಶ ಎಕ್ಸ್-ರೇಯಲ್ಲಿ ಕಾಣುವುದನ್ನು ಪ್ರಕಟಿಸಿದರು. 1924ರಲ್ಲಿ ಬಾರ್ನಿ ಬ್ರೂಕ್ಸ್ ಅದೇ ಲವಣವನ್ನು ಕಾಲಿನ ಅಪಧಮನಿಗೆ ಚುಚ್ಚಿ ಚಿತ್ರ ತೆಗೆದರು. 1927ರಲ್ಲಿ ಪೋರ್ಚುಗಲ್‌ನ ಲಿಸ್ಬನ್ನಿನಲ್ಲಿ ಎಗಾಸ್ ಮೊನಿಜ್ ಮಿದುಳಿನ ರಕ್ತನಾಳಗಳ ಚಿತ್ರ ತೆಗೆಯುವುದರಲ್ಲಿ ಯಶಸ್ವಿಯಾದರು. ಮೊದಲು ಅವರು ಸ್ಟ್ರಾಂಶಿಯಂ ಬ್ರೋಮೈಡ್ ಬಳಸಿದ್ದರು. ಆ ಪ್ರಯೋಗಗಳಲ್ಲಿ ಒಬ್ಬ ರೋಗಿ ತೀರಿಕೊಂಡ ಮೇಲೆ ಅದನ್ನು ಬಿಟ್ಟು ಸೋಡಿಯಂ ಅಯೊಡೈಡಿಗೆ ಬಂದರು. 1930ರ ದಶಕದಲ್ಲಿ ಥೋರೋಟ್ರಾಸ್ಟ್ ಎಂಬ ಇನ್ನೊಂದು ಮದ್ದು ಬಹಳ ಮೆಚ್ಚುಗೆ ಪಡೆಯಿತು. ಚುಚ್ಚಿದರೆ ನೋವಿಲ್ಲ, ಚಿತ್ರವೂ ಬಲು ಸ್ಪಷ್ಟ. ಆದರೆ ಅದರಲ್ಲಿದ್ದದ್ದು ಥೋರಿಯಂ ಎಂಬ ವಿಕಿರಣಶೀಲ ಧಾತು. ಅದು ದೇಹದಿಂದ ಹೊರಗೆ ಹೋಗದೆ ಯಕೃತ್ತಿನಲ್ಲಿ ಉಳಿದುಬಿಡುತ್ತಿತ್ತು. ವರ್ಷಗಳು ಕಳೆದ ಮೇಲೆ ಹಲವರಲ್ಲಿ ಯಕೃತ್ತಿನ ಕ್ಯಾನ್ಸರ್ ಕಾಣಿಸಿಕೊಂಡಿತು. ಚುಚ್ಚಿದ ದಿನ ಒಳ್ಳೆಯದಾಗಿ ಕಂಡ ಮದ್ದು ಮುಂದೆಯೂ ಒಳ್ಳೆಯದಾಗಿಯೇ ಇರುತ್ತದೆಂದು ಹೇಳುವಂತಿಲ್ಲ ಎಂಬ ಪಾಠವನ್ನು ವೈದ್ಯಲೋಕ ಆಗಲೇ ಕಲಿತಿತ್ತು.

ಈ ನಡುವೆ, 1929ರಲ್ಲಿ, ಬಿಂಜ್ ಮತ್ತು ರಾಟ್ ಎಂಬ ಜರ್ಮನ್ ರಸಾಯನತಜ್ಞರು ತಯಾರಿಸಿದ ವಸ್ತುವೊಂದನ್ನು ಮೋಸೆಸ್ ಸ್ವಿಕ್ ಎಂಬ ತರುಣ ಅಮೆರಿಕನ್ ವೈದ್ಯರು ಮೂತ್ರಪಿಂಡದ ಚಿತ್ರಕ್ಕೆ ಒಗ್ಗಿಸಿದರು. ಅಯೋಡಿನನ್ನು ಬಿಡಿ ಲವಣವಾಗಿ ಕೊಡದೆ ಒಂದು ಇಂಗಾಲದ ಉಂಗುರಕ್ಕೆ ಕಟ್ಟಿ ಕೊಡುವ ಉಪಾಯ ಇದು. 1950ರ ದಶಕದ ಆರಂಭದಲ್ಲಿ ಅಮೆರಿಕದ ವಾಲಿಂಗ್‌ಫರ್ಡ್ ಒಂದೇ ಉಂಗುರಕ್ಕೆ ಮೂರು ಅಯೋಡಿನ್ ಕಟ್ಟಿದ ಮದ್ದನ್ನು ತಂದರು. ಅದೇ ದಶಕದ ಮಧ್ಯದಲ್ಲಿ ಬಂದ ಡಯಾಟ್ರಿಜೋಯೇಟ್ ಮುಂದಿನ ಮೂವತ್ತು ವರ್ಷ ಆಸ್ಪತ್ರೆಗಳನ್ನು ಆಳಿತು. ಇವೆಲ್ಲ ಲವಣಗಳು. ನೀರಿಗೆ ಬಿದ್ದೊಡನೆ ಅಡುಗೆ ಉಪ್ಪಿನಂತೆಯೇ ಎರಡು ವಿದ್ಯುತ್ ಕಣಗಳಾಗಿ, ಎಂದರೆ ಅಯಾನುಗಳಾಗಿ, ಒಡೆಯುತ್ತವೆ. ಆದುದರಿಂದ ಇವಕ್ಕೆ ಅಯಾನಿಕ್ ಡೈ ಎಂದು ಹೆಸರು. ಮುಂದಿನ ಕಥೆಗೆ ಈ ಮಾತು ಬೇಕು, ನೆನಪಿನಲ್ಲಿಡಿ.

ಡೈ ಸುಧಾರಿಸಿದಂತೆ ಅದನ್ನು ಒಳಗೆ ಸಾಗಿಸುವ ಕೈಚಳಕವೂ ಬೆಳೆಯಿತು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್, ಮೈ ಕೊಯ್ಯದೆ ಸೂಜಿಯ ಮೂಲಕ ತಂತಿ, ತಂತಿಯ ಮೇಲೆ ನಳಿಗೆ ಎಂಬ ಕ್ರಮದಲ್ಲಿ ಅಪಧಮನಿಯ ಒಳಗೆ ಹೋಗುವ ವಿಧಾನವನ್ನು ಪ್ರಕಟಿಸಿದರು. ಆ ನಳಿಗೆಯೇ ಕ್ಯಾಥೆಟರ್. 1958ರ ಅಕ್ಟೋಬರ್ 30ರಂದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮೇಸನ್ ಸೋನ್ಸ್ ಮಹಾಧಮನಿಯ ಚಿತ್ರ ತೆಗೆಯುತ್ತಿದ್ದಾಗ ಕ್ಯಾಥೆಟರಿನ ತುದಿ ಜಾರಿ ಹೃದಯದ ಸ್ವಂತ ನಾಳದ ಬಾಯಿಗೆ ಹೊಕ್ಕಿತು, ಡೈ ಅಲ್ಲಿಗೇ ಹರಿಯಿತು. ರೋಗಿಯ ಹೃದಯ ಒಂದು ಕ್ಷಣ ನಿಂತಿತು. ಕೆಮ್ಮುವಂತೆ ಸೋನ್ಸ್ ಕೂಗಿ ಹೇಳಿದರು, ರೋಗಿ ಕೆಮ್ಮಿದರು, ಹೃದಯ ಮತ್ತೆ ಬಡಿಯತೊಡಗಿತು. ಇಂದಿನ ಹೃದಯದ ಆಂಜಿಯೋಗ್ರಾಂ ಹುಟ್ಟಿದ್ದು ಹೀಗೆ. 1964ರಲ್ಲಿ ಚಾರ್ಲ್ಸ್ ಡಾಟರ್ ಮುಚ್ಚಿಹೋಗುತ್ತಿದ್ದ ಕಾಲಿನ ನಾಳವನ್ನು ಕ್ಯಾಥೆಟರಿನಿಂದಲೇ ಬಿಡಿಸಿದರು. 1977ರ ಸೆಪ್ಟೆಂಬರ್ 16ರಂದು ಜ್ಯೂರಿಚ್‌ನಲ್ಲಿ ಗ್ರುಂಟ್ಸಿಗ್ ಹೃದಯದ ನಾಳದೊಳಗೆ ಬಲೂನು ಊದಿ ಅಡ್ಡಿಯನ್ನು ಸರಿಸಿದರು. ನೋಡುವ ಕೆಲಸದ ಜೊತೆಗೆ ದುರಸ್ತಿಯ ಕೆಲಸವೂ ಸೇರಿತು. ಅಪಧಮನಿಯೊಳಗೆ ತಂತಿ, ನಳಿಗೆ, ಬಲೂನು ಇರುವ ಹೊತ್ತೂ ಹೆಚ್ಚಿತು.

ಆದರೆ ಹಳೆಯ ಅಯಾನಿಕ್ ಡೈಗೆ ಒಂದು ದೊಡ್ಡ ದೋಷವಿತ್ತು. ಅದರ ಸಾಂದ್ರತೆ ರಕ್ತಕ್ಕಿಂತ ಐದರಿಂದ ಏಳು ಪಾಲು ಹೆಚ್ಚು. ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿದರೆ ಏನಾಗುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಮಿಡಿ ನೀರು ಬಿಟ್ಟು ಚಿರುಟಿಕೊಳ್ಳುತ್ತದೆ. ಆ ಡೈ ಹರಿದಲ್ಲೆಲ್ಲ ರಕ್ತಕಣಗಳಿಗೂ ನಾಳದ ಒಳಗೋಡೆಗೂ ಇದೇ ಗತಿ. ಕಾಲಿನ ಅಪಧಮನಿಗೆ ಚುಚ್ಚಿದಾಗ ರೋಗಿಗಳು ಉರಿ ತಾಳಲಾರದೆ ನರಳುತ್ತಿದ್ದರು. ಕೆಲವರಿಗೆ ವಾಂತಿ, ಕೆಲವರಿಗೆ ರಕ್ತದೊತ್ತಡ ಇಳಿಯುವುದು, ಹೃದಯದ ಬಡಿತ ತಪ್ಪುವುದು, ಇವೆಲ್ಲ ಆಗುತ್ತಿದ್ದವು.

ಈ ನೋವನ್ನು ನೋಡಿ ಸುಮ್ಮನಿರಲಾಗದವರು ಸ್ವೀಡನ್ನಿನ ಮಾಲ್ಮೋದ ತೋರ್ಸ್ಟನ್ ಆಲ್ಮೇನ್. ತಮ್ಮ ದೇಶದ ಪಶ್ಚಿಮ ಕರಾವಳಿಯ ಉಪ್ಪು ಹೆಚ್ಚಿರುವ ಕಡಲಿನಲ್ಲಿ ಈಜುವಾಗ ಕಣ್ಣು ಉರಿಯುತ್ತದೆ, ಉಪ್ಪು ಕಡಿಮೆಯಿರುವ ನೀರಿನಲ್ಲಿ ಉರಿಯುವುದಿಲ್ಲ ಎಂಬ ಸಾಮಾನ್ಯ ಅನುಭವದಿಂದ ಅವರು ಯೋಚಿಸಿದರು. ಅಯೋಡಿನ್ ಅಷ್ಟೇ ಇರಲಿ, ಆದರೆ ಮದ್ದು ನೀರಿನಲ್ಲಿ ಎರಡಾಗಿ ಒಡೆಯದಿರಲಿ. ಕಣಗಳ ಸಂಖ್ಯೆ ಅರ್ಧಕ್ಕಿಳಿದರೆ ಉರಿಯೂ ಇಳಿಯಬೇಕಲ್ಲವೇ? ಈ ಲೆಕ್ಕವನ್ನು 1969ರಲ್ಲಿ ಅವರು ಪ್ರಕಟಿಸಿದರು. ಕೆಲವು ಕಂಪೆನಿಗಳು ಆಸಕ್ತಿ ತೋರಿಸಲಿಲ್ಲ. ನಾರ್ವೆಯ ಓಸ್ಲೋದ ನೀಗಾರ್ಡ್ ಎಂಬ ಕಂಪೆನಿ ಒಪ್ಪಿತು. 1970ರ ದಶಕದಲ್ಲಿ ಬಂದ ಮೆಟ್ರಿಜಮೈಡ್ ಇಂತಹ ಮೊದಲನೆಯ ಮದ್ದು. ಅದನ್ನು ಪುಡಿಯಾಗಿಟ್ಟು ಬಳಸುವ ಹೊತ್ತಿಗೆ ಕರಗಿಸಬೇಕಾಗುತ್ತಿತ್ತು. 1980ರ ದಶಕದಲ್ಲಿ ಅಯೋಪಮಿಡಾಲ್, ಅಯೋಹೆಕ್ಸಾಲ್ ಎಂಬ ಸಿದ್ಧ ದ್ರವಗಳು ಬಂದವು. ಇವು ಅಯಾನಿಕ್ ಅಲ್ಲದ ಡೈಗಳು. ಇವುಗಳ ಸಾಂದ್ರತೆ ರಕ್ತದ ಎರಡು ಮೂರು ಪಾಲು ಮಾತ್ರ. ಮುಂದೆ ಬಂದ ಅಯೋಡಿಕ್ಸನಾಲ್ ರಕ್ತಕ್ಕೆ ಸರಿಸಮಾನ.

ರೋಗಿಗಳಿಗೆ ಇದರಿಂದಾದ ಉಪಕಾರ ಸಣ್ಣದಲ್ಲ. 1990ರಲ್ಲಿ ಜಪಾನಿನ ಕಟಯಾಮಾ ಮತ್ತು ಸಂಗಡಿಗರು, ಅಭಿಧಮನಿಯ ಮೂಲಕ ಡೈ ಪಡೆದ 3,37,647 ಪ್ರಕರಣಗಳ ಲೆಕ್ಕ ಕೊಟ್ಟರು. ಹಳೆಯ ಡೈಯಿಂದ ತೊಂದರೆಯಾದದ್ದು ನೂರಕ್ಕೆ 12.66, ಹೊಸದರಿಂದ 3.13. ತೀವ್ರ ತೊಂದರೆ ಹಳೆಯದರಲ್ಲಿ ನೂರಕ್ಕೆ 0.22, ಹೊಸದರಲ್ಲಿ 0.04. ಬೆಲೆ ಮಾತ್ರ ಹಲವು ಪಟ್ಟು ಹೆಚ್ಚು. ಆದರೂ ವೈದ್ಯರ ಮನಸ್ಸು ಹೊಸದರ ಕಡೆಗೇ ವಾಲಿತು, ಅದು ಸಹಜವೂ ಹೌದು.

ಅಷ್ಟರಲ್ಲಿ ಇನ್ನೊಂದು ಬದಿಯ ಲೆಕ್ಕ ಹೊರಬಿತ್ತು. ಅದನ್ನು ಹೇಳುವ ಮೊದಲು ರಕ್ತ ಹೆಪ್ಪುಗಟ್ಟುವ ಬಗೆಯನ್ನು ಸ್ವಲ್ಪ ನೋಡೋಣ. ಹಾಲಿಗೆ ಹೆಪ್ಪು ಹಾಕಬೇಕು, ರಕ್ತಕ್ಕೆ ಹೊರಗಿನ ಹೆಪ್ಪು ಬೇಡ. ಅದರ ಹೆಪ್ಪು ಅದರೊಳಗೇ ನಿದ್ರಿಸುತ್ತಿರುತ್ತದೆ. ಗಾಯವಾದಾಗ, ಅಥವಾ ಗಾಜು, ತಂತಿ, ನಳಿಗೆ ಮುಂತಾದ ಪರವಸ್ತು ತಾಗಿದಾಗ, ಅದು ಎಚ್ಚರಗೊಳ್ಳುತ್ತದೆ. ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೊನೆಗೆ ಥ್ರಾಂಬಿನ್ ಎಂಬ ವಸ್ತು ಹುಟ್ಟಿ, ರಕ್ತದಲ್ಲಿ ಕರಗಿಕೊಂಡಿರುವ ಫೈಬ್ರಿನೋಜೆನನ್ನು ಫೈಬ್ರಿನ್ ತುಣುಕುಗಳನ್ನಾಗಿ ಮಾಡುತ್ತದೆ. ಆ ತುಣುಕುಗಳು ಕೊಂಡಿ ಹಾಕಿಕೊಂಡು ನೂಲಾಗುತ್ತವೆ, ನೂಲು ಮೀನಿನ ಬಲೆಯಂತಾಗುತ್ತದೆ, ಆ ಬಲೆಯಲ್ಲಿ ರಕ್ತಕಣಗಳು ಸಿಕ್ಕಿ ಗಡ್ಡೆಯಾಗುತ್ತದೆ. ಕೈಗೆ ಗಾಯವಾದಾಗ ಜೀವ ಉಳಿಸುವುದು ಇದೇ ಗಡ್ಡೆ. ಅಪಧಮನಿಯೊಳಗೆ ಇದೇ ಗಡ್ಡೆ ಕಂಟಕ. ಅಭಿಧಮನಿಯಲ್ಲಿ ಹೊರಟ ಸಣ್ಣ ಗಡ್ಡೆಯನ್ನು ಶ್ವಾಸಕೋಶ ಜಾಲರಿಯಂತೆ ಸೋಸಿ ಹಿಡಿಯುವುದುಂಟು. ಅಪಧಮನಿಯಲ್ಲಿ ಹೊರಟದ್ದು ನೇರವಾಗಿ ಹೃದಯದ ಸ್ನಾಯುವಿಗೋ ಮಿದುಳಿಗೋ ಹೋಗಿ ದಾರಿ ಕಟ್ಟುತ್ತದೆ. ಹೃದಯಾಘಾತವೋ ಪಾರ್ಶ್ವವಾಯುವೋ ಆಗಲು ಅಕ್ಕಿಕಾಳಿನಷ್ಟು ಗಡ್ಡೆ ಸಾಕು.

ಇದನ್ನು ತಡೆಯಲು ವೈದ್ಯರ ಬಳಿ ಹೆಪಾರಿನ್ ಎಂಬ ಮದ್ದು ಇತ್ತು. 1916ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಜೇ ಮೆಕ್ಲೀನ್ ಎಂಬ ವೈದ್ಯ ವಿದ್ಯಾರ್ಥಿ, ರಕ್ತ ಹೆಪ್ಪುಗಟ್ಟಿಸುವ ವಸ್ತುವನ್ನು ಹುಡುಕುತ್ತಾ ಹೋಗಿ, ಹೆಪ್ಪುಗಟ್ಟದಂತೆ ತಡೆಯುವ ವಸ್ತುವನ್ನು ಕಂಡರು. ಅವರ ಗುರು ಹೊವೆಲ್ ಅದೇ ಹಾದಿಯಲ್ಲಿ ಮುಂದುವರಿದು 1918ರಲ್ಲಿ ಹೆಪಾರಿನ್ ಎಂಬ ಹೆಸರು ಕೊಟ್ಟರು. 1930ರ ದಶಕದಲ್ಲಿ ಅದು ರೋಗಿಗಳಿಗೆ ಒದಗಿತು. ಹೆಪಾರಿನ್ ಬೆರೆಸಿದ ಉಪ್ಪುನೀರಿನಿಂದ ಕ್ಯಾಥೆಟರ್ ತೊಳೆಯುವುದು ಕ್ರಮೇಣ ವಾಡಿಕೆಯಾಯಿತು.

ಆದರೆ ಹೆಪಾರಿನ್ ಒಂದೇ ಕಾವಲುಗಾರ ಆಗಿರಲಿಲ್ಲ. ಹಳೆಯ ಅಯಾನಿಕ್ ಡೈ ತಾನೂ ಆ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿತ್ತು. ಅದು ಥ್ರಾಂಬಿನ್ ಹುಟ್ಟುವುದನ್ನು ನಿಧಾನಗೊಳಿಸುತ್ತಿತ್ತು, ಫೈಬ್ರಿನ್ ತುಣುಕುಗಳು ಕೊಂಡಿ ಹಾಕಿಕೊಳ್ಳದಂತೆ ಅಡ್ಡ ಬರುತ್ತಿತ್ತು, ಪ್ಲೇಟ್‌ಲೆಟ್‌ಗಳು ಅಂಟುವುದನ್ನು ಕಡಿಮೆ ಮಾಡುತ್ತಿತ್ತು. ಸಿರಿಂಜಿನಲ್ಲಿ ಡೈಯೊಡನೆ ಸ್ವಲ್ಪ ರಕ್ತ ಬೆರೆತು ಕೂತಿದ್ದರೂ ಅದು ಗಟ್ಟಿಯಾಗುತ್ತಿರಲಿಲ್ಲ. ಪ್ರಯೋಗಾಲಯದವರಿಗೆ ಇದು ತಿಳಿದಿತ್ತು. ಆದರೆ ಆಸ್ಪತ್ರೆಯ ನಿತ್ಯದ ಕೆಲಸದಲ್ಲಿ ಇದನ್ನು ಡೈಯ ಗುಣವೆಂದು ಯಾರೂ ಎಣಿಸಿರಲಿಲ್ಲ. ಬ್ಯಾಂಕಿನಲ್ಲಿಯೂ ಹೀಗೆಯೇ. ಸಿಡುಕು ಸ್ವಭಾವದ ಹಳೆಯ ಗುಮಾಸ್ತರೊಬ್ಬರು ವರ್ಗವಾಗಿ ಹೋದರೆ ಎಲ್ಲರಿಗೂ ನೆಮ್ಮದಿ. ಸಂಜೆ ಹೊತ್ತು ಎಲ್ಲರ ವೋಚರುಗಳನ್ನು ಅವರು ತಾವಾಗಿ ಇನ್ನೊಮ್ಮೆ ನೋಡುತ್ತಿದ್ದರೆಂಬುದು ಲೆಕ್ಕ ತಾಳೆಯಾಗದ ದಿನ ಗೊತ್ತಾಗುತ್ತದೆ. ಖಾತೆಗೆ ಸೇರದ ಜಮೆ ಎಂದರೆ ಇದೇ.

ಹೊಸ ಡೈ ಹೆಚ್ಚು ಬಳಕೆಗೆ ಬಂದ ಮೇಲೆ, 1987ರಲ್ಲಿ ಅಮೆರಿಕದ ‘ರೇಡಿಯಾಲಜಿ’ ಪತ್ರಿಕೆಯಲ್ಲಿ ರಾಬರ್ಟ್‌ಸನ್ ಎಂಬ ವೈದ್ಯರ ಎರಡು ಪುಟದ ಚಿಕ್ಕ ಬರಹವೊಂದು ಬಂತು. ಅಯಾನಿಕ್ ಅಲ್ಲದ ಡೈ ತುಂಬಿದ ಸಿರಿಂಜುಗಳಲ್ಲಿ ರಕ್ತದ ಗಡ್ಡೆ ಕಂಡಿದೆ ಎಂಬುದೇ ಅದರ ಸಾರ. ಕೆಲಸದ ನಡುವೆ ಸಿರಿಂಜಿನ ಹಿಡಿಕೆಯನ್ನು ತುಸು ಹಿಂದಕ್ಕೆಳೆದು ಗಾಳಿಯಿಲ್ಲವೆಂದು ನೋಡಿಕೊಳ್ಳುವುದುಂಟು. ಆಗ ಒಂದಿಷ್ಟು ರಕ್ತ ಒಳಗೆ ಬರುತ್ತದೆ. ಹಳೆಯ ಡೈಯಲ್ಲಿ ಇದರಿಂದ ಕೆಡುಕು ಕಂಡಿರಲಿಲ್ಲ. ಹೊಸ ಡೈಯಲ್ಲಿ ಅದೇ ರಕ್ತ ಸ್ವಲ್ಪ ಹೊತ್ತು ಕೂತರೆ ಹೆಪ್ಪಾಗುತ್ತದೆ, ಮುಂದಿನ ಒತ್ತಿಗೆ ಅದು ರೋಗಿಯ ಅಪಧಮನಿಗೆ ಹೋಗಬಹುದು. ಮರುವರ್ಷ ಹೃದಯದ ಆಂಜಿಯೋಗ್ರಾಂ ವೇಳೆ ಹೊಸ ಡೈಯೊಡನೆ ಗಡ್ಡೆಯ ತೊಂದರೆಯಾದ ವರದಿಯೂ ಪ್ರಕಟವಾಯಿತು. ವೈದ್ಯಲೋಕದಲ್ಲಿ ಗದ್ದಲವೆದ್ದಿತು.

ಗದ್ದಲದ ತಿರುಳು ಒಂದು ಮಾತಿನಲ್ಲಿತ್ತು. ಹೊಸ ಡೈ ರಕ್ತವನ್ನು ಹೆಪ್ಪುಗಟ್ಟಿಸುತ್ತದೆಯೇ, ಅಥವಾ ಹೆಪ್ಪುಗಟ್ಟುವುದನ್ನು ಹಳೆಯದರಷ್ಟು ತಡೆಯುವುದಿಲ್ಲವೇ? ಇವೆರಡೂ ಒಂದೇ ಎಂದು ತೋರಬಹುದು. ಆದರೆ ಕಳ್ಳನಿಗೂ ನಿದ್ದೆಗಣ್ಣಿನ ಕಾವಲುಗಾರನಿಗೂ ಇರುವಷ್ಟು ವ್ಯತ್ಯಾಸ ಇಲ್ಲಿದೆ. ಲಂಡನ್ನಿನ ಪೀಟರ್ ಡಾಸನ್ ಮುಂತಾದವರು ಪ್ರಯೋಗದಿಂದ ತೋರಿಸಿದ್ದು ಎರಡನೆಯದನ್ನು. ಬರಿಯ ರಕ್ತಕ್ಕೆ ಹೋಲಿಸಿದರೆ ಹೊಸ ಡೈ ಬೆರೆತ ರಕ್ತವೂ ತಡವಾಗಿಯೇ ಹೆಪ್ಪುಗಟ್ಟುತ್ತದೆ. ಹಳೆಯ ಡೈ ಬೆರೆತದ್ದು ಇನ್ನೂ ಬಹಳ ತಡ, ಅಷ್ಟೆ. ಗಾಜಿನ ಸಿರಿಂಜಿನಲ್ಲಿ ಗಡ್ಡೆ ಬೇಗ ಕಟ್ಟುತ್ತದೆ, ಪ್ಲಾಸ್ಟಿಕ್ಕಿನಲ್ಲಿ ನಿಧಾನ ಎಂಬುದೂ ತಿಳಿಯಿತು. ಗಾಜಿನ ಸಿರಿಂಜನ್ನು ಕುದಿಸಿ ಕುದಿಸಿ ಚುಚ್ಚುತ್ತಿದ್ದ ಕಾಲ ನಮ್ಮ ಹಿರಿಯರಿಗೆ ನೆನಪಿರಬಹುದು. ಗಾಜು ರಕ್ತದ ನಿದ್ರಿಸುವ ಹೆಪ್ಪನ್ನು ಎಬ್ಬಿಸುವ ವಸ್ತು.

ಆದರೂ ವಿಷಯ ಪೂರ್ತಿ ಇತ್ಯರ್ಥವಾಗಲಿಲ್ಲ. 1993ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕೆಲವು ಹೊಸ ಡೈಗಳು ಪ್ಲೇಟ್‌ಲೆಟ್‌ಗಳನ್ನು ಕೆರಳಿಸಿ ಅವುಗಳೊಳಗಿನ ಸರಕನ್ನು ಹೊರಚೆಲ್ಲಿಸುತ್ತವೆ ಎಂದು ಕಂಡುಬಂತು. ಕೊಳವೆಯಲ್ಲಿ ಕಂಡದ್ದು ರೋಗಿಯಲ್ಲಿ ಎಷ್ಟು ನಿಜ ಎಂಬುದನ್ನು ರೋಗಿಗಳಲ್ಲಿಯೇ ನೋಡಬೇಕಿತ್ತು. ಹೋಲಿಕೆಗೆ ಅಯೋಕ್ಸಾಗ್ಲೇಟ್ ಎಂಬ ಡೈ ಅನುಕೂಲವಾಯಿತು. ಅದು ಅಯಾನಿಕ್ ಜಾತಿಯದೇ, ಆದರೆ ಸಾಂದ್ರತೆ ಕಡಿಮೆ. 1996ರಲ್ಲಿ ಪ್ರಕಟವಾದ ಗ್ರೈನ್ಸ್ ಅವರ ಅಧ್ಯಯನದಲ್ಲಿ, ತೀವ್ರ ಎದೆನೋವಿನವರಿಗೆ ಬಲೂನು ಚಿಕಿತ್ಸೆ ಮಾಡುವಾಗ ಅಯೋಹೆಕ್ಸಾಲಿಗಿಂತ ಅಯೋಕ್ಸಾಗ್ಲೇಟ್ ಮೇಲೆಂದು ಕಂಡಿತು. ಆದರೆ 2000ದಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಬೇರೆ ಮಾತು ಹೇಳಿದವು. ಎರಡರಲ್ಲಿಯೂ ಅಯೋಕ್ಸಾಗ್ಲೇಟಿಗೆ ಎದುರಾಗಿ ಇಟ್ಟದ್ದು ಅಯೋಡಿಕ್ಸನಾಲನ್ನು. 1,411 ರೋಗಿಗಳ ಯುರೋಪಿನ ಅಧ್ಯಯನದಲ್ಲಿ ಎರಡಕ್ಕೂ ಗಣನೀಯ ವ್ಯತ್ಯಾಸವಿಲ್ಲ. ಅಪಾಯ ಹೆಚ್ಚಿದ್ದ 856 ರೋಗಿಗಳ ಇನ್ನೊಂದರಲ್ಲಿ, ಆಸ್ಪತ್ರೆಯಲ್ಲಿರುವಾಗ ತೊಂದರೆಯಾದದ್ದು ಅಯೋಡಿಕ್ಸನಾಲಿನವರಲ್ಲಿ ನೂರಕ್ಕೆ 5.4, ಅಯೋಕ್ಸಾಗ್ಲೇಟಿನವರಲ್ಲಿ 9.5. ಇದು ಹೇಗೆ? ಅಷ್ಟರೊಳಗೆ ಚಿಕಿತ್ಸೆಯೇ ಬದಲಾಗಿತ್ತು. ನಾಳದೊಳಗೆ ಇಡುವ ಸ್ಟೆಂಟ್, ಆಸ್ಪಿರಿನ್ನಿನ ಜೊತೆಗೆ ಟಿಕ್ಲೋಪಿಡಿನ್, ಕ್ಲೋಪಿಡೋಗ್ರೆಲ್ ಮುಂತಾದ ಮಾತ್ರೆಗಳು, ಹೆಪಾರಿನ್ನಿನ ಪ್ರಮಾಣವನ್ನು ಅಳೆದು ಕೊಡುವ ಪದ್ಧತಿ, ಇವೆಲ್ಲ ಬಂದಿದ್ದವು. ಡೈ ಹಿಂದೆ ತಾನಾಗಿ ಮಾಡುತ್ತಿದ್ದ ಕೆಲಸವನ್ನು ಈಗ ಇವು ತಿಳಿದು, ಅಳತೆ ಮಾಡಿ, ಮಾಡತೊಡಗಿದ್ದವು.

ಹೀಗೆ ವೈದ್ಯರು ನೋವಿನ ಹಳೆಯ ಡೈಗೆ ಹಿಂತಿರುಗಲಿಲ್ಲ, ಹೊಸದನ್ನು ಕಣ್ಣುಮುಚ್ಚಿ ನಂಬಲೂ ಇಲ್ಲ. ಅಪಧಮನಿಯ ಕೆಲಸದಲ್ಲಿ ಕೈಯ ಶಿಸ್ತು ಬಿಗಿಯಾಯಿತು. ಸಿರಿಂಜಿನಲ್ಲಿ ರಕ್ತ ಮತ್ತು ಡೈ ಬೆರೆತು ಕೂರಬಾರದು. ತಂತಿಯನ್ನು ಒರೆಸಬೇಕು, ಕ್ಯಾಥೆಟರನ್ನು ಹೆಪಾರಿನ್ ಬೆರೆಸಿದ ಉಪ್ಪುನೀರಿನಿಂದ ಮತ್ತೆ ಮತ್ತೆ ತೊಳೆಯಬೇಕು. ಕೆಲಸವನ್ನು ಆದಷ್ಟು ಬೇಗ ಮುಗಿಸಬೇಕು. ಪ್ಲಾಸ್ಟಿಕ್ ಸಿರಿಂಜಿನಿಂದ ಗಡ್ಡೆಯ ಸಂಭವ ಕಡಿಮೆಯಾಗಬಹುದು, ಇಲ್ಲವಾಗುವುದಿಲ್ಲ. ಈ ಎಚ್ಚರಿಕೆ ಡೈಯ ಜೊತೆ ಬರುವ ಮಾಹಿತಿ ಚೀಟಿಯಲ್ಲಿಯೇ ಅಚ್ಚಾಯಿತು. ಖಾತೆಗೆ ಸೇರದೆ ಉಳಿದಿದ್ದ ಜಮೆಯನ್ನು ಕೊನೆಗೂ ಖಾತೆಗೆ ತಂದರು ಎನ್ನಬಹುದು.

ಈಗ ನಿಮಗೊಂದು ಮಾತು. “ದುಬಾರಿ ಡೈ ರಕ್ತ ಹೆಪ್ಪುಗಟ್ಟಿಸುತ್ತದಂತೆ” ಎಂದು ಯಾರಾದರೂ ಹೇಳಿದರೆ ಹೆದರಬೇಡಿ. ಅದು ಅರ್ಧ ಸತ್ಯ. ಅದು ತಡೆಯುವುದು ಕಡಿಮೆ, ಉಳಿದದ್ದನ್ನು ವೈದ್ಯರ ಎಚ್ಚರಿಕೆ ತುಂಬಿಕೊಡುತ್ತದೆ. ಆ ಎಚ್ಚರಿಕೆಯಲ್ಲಿ ನಿಮ್ಮದೂ ಒಂದು ಪಾಲಿದೆ. ರಕ್ತ ತೆಳ್ಳಗೆ ಮಾಡುವ ಮಾತ್ರೆ ತಿನ್ನುತ್ತಿದ್ದರೆ ಅದರ ಹೆಸರನ್ನು ಮೊದಲೇ ಹೇಳಿ. ನಿಮ್ಮಷ್ಟಕ್ಕೆ ನಿಲ್ಲಿಸಲೂ ಬೇಡಿ, ಹೆಚ್ಚಿಸಲೂ ಬೇಡಿ. ಮೊದಲೊಮ್ಮೆ ಡೈಯಿಂದ ಮೈ ತುರಿಸಿದ್ದರೆ, ಉಸಿರು ಕಟ್ಟಿದ್ದರೆ, ಸಕ್ಕರೆ ಕಾಯಿಲೆಯೋ ಮೂತ್ರಪಿಂಡದ ತೊಂದರೆಯೋ ಇದ್ದರೆ ಅದನ್ನೂ ತಿಳಿಸಿ. ಸಹಿ ಹಾಕಬೇಕಾದ ಕಾಗದ ಇಂಗ್ಲಿಷಿನಲ್ಲೋ ಮಲೆಯಾಳದಲ್ಲೋ ಇದ್ದು ಅರ್ಥವಾಗದಿದ್ದರೆ, ಕನ್ನಡದಲ್ಲಿ ಹೇಳಿ ಎಂದು ಕೇಳಲು ಸಂಕೋಚಪಡಬೇಡಿ. ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದಾಗ, ಓದದೆ ಸಹಿ ಹಾಕಬೇಡಿ ಎಂದು ಎಷ್ಟೋ ಮಂದಿಗೆ ಹೇಳಿದ್ದೇನೆ. ಹಣದ ವಿಷಯದಲ್ಲಿ ಇರಬೇಕಾದ ಈ ಜಾಗ್ರತೆ ಜೀವದ ವಿಷಯದಲ್ಲಿ ಇನ್ನೂ ಹೆಚ್ಚು ಬೇಕು. ಕೆಲಸ ಮುಗಿದ ಮೇಲೆ ಆಸ್ಪತ್ರೆಯವರು ಕೊಡುವ ಚೀಟಿ, ವರದಿ, ಸಿ.ಡಿ. ಎಲ್ಲವನ್ನೂ ಪಾಸ್‌ಬುಕ್ಕಿನಂತೆ ಜೋಪಾನವಾಗಿಡಿ. ಮುಂದಿನ ಸಲ ನಿಮ್ಮನ್ನು ನೋಡುವ ವೈದ್ಯರು ಮೊದಲು ಕೇಳುವುದು ಅದನ್ನೇ.